ಹರಿಹರದಲ್ಲಿ ಒಂದು ಪೋರ್ಟ್ ತೆರೆದದ್ದು

ಪ್ರತಿಯೊಂದು ಬಳಗದಲ್ಲೂ ಕೆಲವು ಹುದ್ದೆಗಳಿರುತ್ತವೆ. ಅವಕ್ಕೆ ಅರ್ಜಿ ಕರೆಯುವುದಿಲ್ಲ, ಸಂದರ್ಶನವಿಲ್ಲ, ಸಂಬಳವಂತೂ ಇಲ್ಲವೇ ಇಲ್ಲ. ಮದುವೆ ಮನೆಯಲ್ಲಿ ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವವರು ಒಬ್ಬರು, ಸಾವಿನ ಮನೆಯಲ್ಲಿ ಅಳುವವರನ್ನು ಪಕ್ಕಕ್ಕೆ ಸರಿಸಿ ಮುಂದಿನ ಕೆಲಸ ನೋಡುವವರು ಒಬ್ಬರು, ಹಿತ್ತಲಿಗೆ ಹಾವು ಹೊಕ್ಕರೆ ಕೋಲು ಹಿಡಿದು ಬರುವವರು ಒಬ್ಬರು. ನಮ್ಮ ಬಳಗದಲ್ಲಿ ಕಂಪ್ಯೂಟರ್ ಗೊತ್ತಿರುವವನ ಹುದ್ದೆ ನನ್ನದು. ಹಾವು ಹಿಡಿಯುವವನಿಗೆ ಹಾವಿನ ವಿಷಯ ಸ್ವಲ್ಪವಾದರೂ ತಿಳಿದಿರಬೇಕು, ಇಲ್ಲದಿದ್ದರೆ ಆ ಹುದ್ದೆ ಬೇಗ ಖಾಲಿಯಾಗುತ್ತದೆ. ನನ್ನ ಹುದ್ದೆಗೆ ಆ ಭಯವಿಲ್ಲ. ತಪ್ಪು ನಾನು ಮಾಡಿದರೂ ಕಚ್ಚಿಸಿಕೊಳ್ಳುವವರು ಬೇರೆಯವರಾದ್ದರಿಂದ ಇಷ್ಟು ವರ್ಷ ನಿಶ್ಚಿಂತೆಯಿಂದ ನಡೆಸಿಕೊಂಡು ಬಂದಿದ್ದೇನೆ.

ಈ ಹುದ್ದೆ ನನಗೆ ಸಿಕ್ಕಿದ್ದು ಒಂದು ಪ್ರಿಂಟರಿನಿಂದ. ದಾವಣಗೆರೆಯ ಒಂದು ಸಹಕಾರ ಸಂಘದಲ್ಲಿ ನಾನು ಗುಮಾಸ್ತ. ಇರುವುದು ವಿನೋಬನಗರದ ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿ. ನನ್ನ ಹೆಂಡತಿ ಸುಜಾತಳ ತವರು ಹರಿಹರ. ಅಲ್ಲಿ ಅವಳ ತಮ್ಮ ಮಂಜುನಾಥ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಾನೆ. ಒಂದು ಸಲ ಹಬ್ಬಕ್ಕೆ ಹೋದಾಗ ಆ ಅಂಗಡಿಯ ಪ್ರಿಂಟರಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಕಾಗದವನ್ನು ಸುಜಾತಳ ಹೇರ್‌ಪಿನ್ನಿನಿಂದ ಎಳೆದು ತೆಗೆದೆ. ಅಷ್ಟೇ. ಮಂಜುನಾಥ ಕಣ್ಣರಳಿಸಿ, "ಮಾಮಾ, ನೀವು ಯಾವ ಇಂಜಿನಿಯರ್‌ಗೂ ಕಮ್ಮಿ ಇಲ್ಲ ಬಿಡ್ರಿ" ಅಂದ. ನಾನು ಅಲ್ಲಗಳೆಯಲಿಲ್ಲ. ಅಲ್ಲಗಳೆಯಬೇಕಾಗಿತ್ತು. ಅಂದಿನಿಂದ ಯಾರ ಫೋನು ಬಿಸಿಯಾದರೂ, ಯಾರ ಟಿವಿ ಕಪ್ಪಾದರೂ ಕರೆ ನನಗೇ ಬರುತ್ತದೆ. ನಾನು ಗಂಭೀರವಾಗಿ ಕೇಳಿಸಿಕೊಂಡು, "ಒಂದ್ಸಲ ಆರಿಸಿ ಹಚ್ಚಿ ನೋಡು" ಅನ್ನುತ್ತೇನೆ. ಹತ್ತರಲ್ಲಿ ಎಂಟು ಸಲ ಅದು ಸರಿಹೋಗುತ್ತದೆ, ಕೀರ್ತಿ ನನ್ನ ಪಾಲಿಗೆ ಬರುತ್ತದೆ. ಉಳಿದೆರಡು ಸಲ ಕಂಪನಿಯವರು ಮೋಸಗಾರರೆಂದು ಎಲ್ಲರೂ ಸೇರಿ ತೀರ್ಮಾನಿಸುತ್ತೇವೆ.

ನನ್ನ ಅತ್ತೆಗೆ ಮರೆವು ಶುರುವಾದಾಗಲೂ ಬಳಗ ನನ್ನ ಕಡೆಯೇ ನೋಡಿತು. ಅತ್ತೆಯನ್ನು ಎಲ್ಲರೂ ಅವ್ವ ಎನ್ನುತ್ತಾರೆ, ನಾನೂ. ಮಾವ ಹರಿಹರದ ಒಂದು ಕಾರ್ಖಾನೆಯಲ್ಲಿ ಲೇತ್ ಮಿಷನ್ ಮೇಲೆ ದುಡಿದವರು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು, ಮಾವ ತೀರಿಕೊಂಡೂ ಎಷ್ಟೋ ವರ್ಷವಾಯಿತು. ಆದರೆ ಅವ್ವನಿಗೆ ಮಧ್ಯಾಹ್ನ ಸಮೀಪಿಸಿದಂತೆ ಕಾರ್ಖಾನೆಯ ಸೈರನ್ನು ಕಿವಿಯಲ್ಲಿ ಕೂಗಲು ತೊಡಗಿತು. ಕೂಗಿದ ಕೂಡಲೇ ಅವರು ಒಂದು ಚೌಕಳಿ ಬಟ್ಟೆ ಹಾಸಿ ಬುತ್ತಿ ಕಟ್ಟುವರು. ಗಂಡನಿಗೆ ಊಟ ಒಯ್ಯಬೇಕು. ಬುತ್ತಿಯಲ್ಲಿ ಒಮ್ಮೊಮ್ಮೆ ನಿಜವಾಗಿ ರೊಟ್ಟಿ ಪಲ್ಯ ಇರುತ್ತಿತ್ತು. ಒಮ್ಮೊಮ್ಮೆ ಟಿವಿಯ ರಿಮೋಟು, ಸೋಪಿನ ಡಬ್ಬಿ. ಒಂದು ದಿನ ಮಂಜುನಾಥನ ಇಸ್ತ್ರಿ ಪೆಟ್ಟಿಗೆ, ಅದೂ ಇನ್ನೂ ಬಿಸಿ ಇದ್ದದ್ದು. ಗಂಟು ಕಂಕುಳಲ್ಲಿ ಇಟ್ಟುಕೊಂಡು ಅವರು ರಸ್ತೆಗಿಳಿದರೆ ಹಾಯುವುದು ಲಾರಿ ಓಡಾಡುವ ದಾರಿ. ಎರಡು ಸಲ ಪರಿಚಯದವರು ಯಾರೋ ನೋಡಿ ಕೈಹಿಡಿದು ಕರೆತಂದಿದ್ದರು. ಮೂರನೆಯ ಸಲ ಪರಿಚಯದವರು ಸಿಗದಿದ್ದರೆ ಏನು ಗತಿ ಎಂಬುದು ಎಲ್ಲರ ಎದೆಯಲ್ಲಿ ಕೂತಿದ್ದ ಭಯ.

ಬಾಗಿಲು ಹಾಕಿಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಮ್ಮ ಕಡೆ ಹಗಲು ಹೊತ್ತಿನಲ್ಲಿ ಮುಂಬಾಗಿಲು ಮುಚ್ಚುವ ರೂಢಿ ಇಲ್ಲ. ಹಗಲು ಬಾಗಿಲು ಹಾಕಿದ ಮನೆಯೆಂದರೆ ಒಂದೋ ಮನೆಮಂದಿ ಊರಿಗೆ ಹೋಗಿದ್ದಾರೆ, ಇಲ್ಲವೇ ಒಳಗೆ ಆಗಬಾರದ್ದು ಏನೋ ಆಗಿದೆ. ಮಂಜುನಾಥ ಅಂಗಡಿಗೆ ಹೋಗಬೇಕು, ಅವನ ಹೆಂಡತಿ ಕವಿತಾ ಶಾಲೆಯಲ್ಲಿ ಟೀಚರು. ಬೇರೆ ದಾರಿ ಕಾಣದೆ ಒಂದು ದಿನ ಹೊರಗಿನಿಂದ ಚಿಲಕ ಹಾಕಿಕೊಂಡು ಹೋದರು. ಅವ್ವ ಹಿತ್ತಾಳೆ ಚೊಂಬಿನಿಂದ ಬಾಗಿಲನ್ನು ಬಡಿದೂ ಬಡಿದೂ ಇಡೀ ಓಣಿಯನ್ನು ಕೂಡಿಸಿದರು. ಸಂಜೆ ಓಣಿಯ ಹಿರಿಯರೊಬ್ಬರು ಮಂಜುನಾಥನನ್ನು ನಿಲ್ಲಿಸಿಕೊಂಡು, "ಹೆತ್ತಾಕೀನ ದನ ಕೂಡಿದಂಗೆ ಕೂಡಿ ಹಾಕ್ತೀಯೇನೋ?" ಎಂದು ಕೇಳಿದರು. ಅವನು ಆ ರಾತ್ರಿ ಊಟ ಮಾಡಲಿಲ್ಲವಂತೆ. ನೋಡಿಕೊಳ್ಳಲು ಇಟ್ಟ ಹೆಂಗಸನ್ನು ಅವ್ವ ಕಳ್ಳಿ ಎಂದು ಓಡಿಸಿದರು. ನಮ್ಮ ಮನೆಗೆ ಕರೆತಂದೆವು. ಮಹಡಿಯ ಕಡಿದಾದ ಮೆಟ್ಟಿಲ ಮೇಲೆ ನಿಂತು, "ಹೊಳೆ ಯಾವ ಕಡೆಗೈತೆ?" ಎಂದು ಕೆಳಗಿನವರನ್ನೆಲ್ಲ ಕೇಳುತ್ತ ನಾಲ್ಕೇ ದಿನದಲ್ಲಿ ಸೊರಗಿ ಹೋದರು. ಮತ್ತೆ ಹರಿಹರಕ್ಕೇ ಬಿಟ್ಟು ಬಂದೆವು. ಆಗ ನಾನು ಬಾಯಿ ಬಿಟ್ಟೆ. "ಕ್ಯಾಮೆರಾ ಹಾಕೋಣ" ಅಂದೆ.

ಯೋಜನೆ ಚೆನ್ನಾಗಿಯೇ ಇತ್ತು. ಹರಿಹರದ ಮನೆಯ ಮುಂದಿನ ಕೋಣೆಯಲ್ಲಿ ಬಾಗಿಲ ಕಡೆ ಮುಖ ಮಾಡಿ ಒಂದು ಕ್ಯಾಮೆರಾ. ಅದರ ಚಿತ್ರ ದಾವಣಗೆರೆಯಲ್ಲಿ ಸುಜಾತಳ ಫೋನಿಗೆ ಬರಬೇಕು. ಸುಜಾತ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ, ಹಾಗಾಗಿ ಹಗಲೆಲ್ಲ ಒಂದೇ ಕಡೆ ಇರುತ್ತಾಳೆ. ಹಿಟ್ಟಿನ ಡಬ್ಬಿಗೆ ಫೋನು ಒರಗಿಸಿ ಇಟ್ಟುಕೊಂಡರೆ ಆಯಿತು. ಅವ್ವ ಗಂಟು ಹಿಡಿದು ಹೊಸ್ತಿಲ ಕಡೆ ನಡೆದರೆ, ಪಕ್ಕದ ಮನೆಯ ರಜಿಯಾಗೆ ಫೋನ್ ಮಾಡುವುದು. ರಜಿಯಾ ಬ್ಲೌಸ್ ಹೊಲಿಯುವವಳು. ಮಿಷನ್ ತುಳಿಯುವಾಗ ಗೋಡೆ ಕಡೆ ಮುಖ ಇರುವುದರಿಂದ ಅವಳಿಗೆ ಓಣಿ ಕಾಣುವುದಿಲ್ಲ, ಆದರೆ ಫೋನು ಬಂದರೆ ಎರಡೇ ಹೆಜ್ಜೆಗೆ ಹೊರಗೆ ಬರುತ್ತಾಳೆ. "ಅವ್ವಾ, ಇವತ್ತು ಫ್ಯಾಕ್ಟರಿ ರಜಾ ಐತಂತೆ, ಬರ್ರಿ ಒಳಗೆ" ಎಂದು ಅವಳು ಹೇಳಿದರೆ ಅವ್ವ ಮರುಮಾತಿಲ್ಲದೆ ಹಿಂದಿರುಗುವರು. ಅವಳ ಮಾತಿಗೆ ಇದ್ದ ಆ ಬೆಲೆ ನಮ್ಮ ಯಾರ ಮಾತಿಗೂ ಇರಲಿಲ್ಲ.

ಕ್ಯಾಮೆರಾವನ್ನೂ ಅದರ ರೆಕಾರ್ಡರ್ ಡಬ್ಬಿಯನ್ನೂ ಮುಚ್ಚಿಹೋದ ಒಂದು ಬಟ್ಟೆ ಅಂಗಡಿಯಿಂದ ಹಳೆಯದರಲ್ಲಿ ತಂದೆ. ಹೊಸದಾಗಿದ್ದರೆ ಕಂಪನಿಯ ಆ್ಯಪಿನಲ್ಲಿ ನೇರವಾಗಿ ನೋಡಬಹುದಿತ್ತು. ಹಳೆಯದಕ್ಕೆ ಆ ಸೌಲಭ್ಯವಿರಲಿಲ್ಲ, ಹೊರಗಿನಿಂದ ನೋಡಬೇಕಾದರೆ ಪೋರ್ಟ್ ಫಾರ್ವರ್ಡಿಂಗ್ ಮಾಡಬೇಕಿತ್ತು. ಅದೇನು ಮಹಾ ಎಂದೆ. ಅದೇನು ಎಂಬುದನ್ನು ನಿಮಗೂ ಹೇಳಿಬಿಡುತ್ತೇನೆ. ಮನೆಯ ಇಂಟರ್‌ನೆಟ್ ಎಂದರೆ ಒಂದೇ ತಲಬಾಗಿಲಿನ ವಠಾರ. ಒಳಗೆ ಫೋನು, ಟಿವಿ, ರೆಕಾರ್ಡರ್ ಹೀಗೆ ಹಲವು ಬಾಡಿಗೆದಾರರು. ತಲಬಾಗಿಲಲ್ಲಿ ಕಾವಲಿಗೆ ಕೂತಿರುವುದು ರೂಟರ್ ಎಂಬ ಡಬ್ಬಿ. ಗುರುತಿಲ್ಲದವರು ಬಂದರೆ ಅದು ಒಳಗೆ ಬಿಡುವುದಿಲ್ಲ. 'ಇಂಥ ನಂಬರು ಹೇಳಿಕೊಂಡು ಬಂದವರನ್ನು ಇಂಥ ಕೋಣೆಗೆ ಕಳಿಸು' ಎಂದು ಅದಕ್ಕೆ ಮೊದಲೇ ಹೇಳಿಡಬೇಕು. ಹಾಗೆ ಹೇಳಿಡುವುದಕ್ಕೇ ಪೋರ್ಟ್ ಫಾರ್ವರ್ಡಿಂಗ್ ಎನ್ನುವುದು. ಇಷ್ಟನ್ನು ನಾನು ಎಲ್ಲರನ್ನೂ ಕೂರಿಸಿಕೊಂಡು ವಿವರಿಸಿದೆ. ಅವ್ವ ಕೂಡ ಗಮನವಿಟ್ಟು ಕೇಳಿ, "ವಠಾರದಾಗೆ ಇರಬಾರದಪ್ಪಾ, ನೀರಿಗೆ ಜಗಳ" ಅಂದರು.

ಮೊದಲ ಭಾನುವಾರವೇ ಗೆದ್ದೆ. ಮಂಜುನಾಥನ ಮನೆಯ ಪಡಸಾಲೆಯಲ್ಲಿ ಕೂತು ನನ್ನ ಫೋನಿನಲ್ಲಿ ಅದೇ ಪಡಸಾಲೆಯನ್ನು ಎಲ್ಲರಿಗೂ ತೋರಿಸಿದೆ. ಕವಿತಾ ಮಂಡಕ್ಕಿ ಕಲಸಿದಳು, ಮಿರ್ಚಿ ಕರಿದಳು, ವಿಜಯೋತ್ಸವ ಮುಗಿಸಿಕೊಂಡು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಪಕ್ಕದವರಿಗೂ ತೋರಿಸೋಣವೆಂದು ಫೋನು ತೆಗೆದರೆ ಚಿತ್ರವಿಲ್ಲ, ಬರೀ ಒಂದು ಚಕ್ರ ತಿರುಗುತ್ತಿತ್ತು. ನಾನು ವಠಾರದ ಒಳಗೆ ಕೂತು ಒಳಗಿನ ಬಾಗಿಲನ್ನು ತಟ್ಟಿ, ತಲಬಾಗಿಲು ತೆರೆಯಿತೆಂದು ಸಂಭ್ರಮಿಸಿದ್ದೆ. ಎರಡನೆಯ ಭಾನುವಾರ ಗೊತ್ತಾಯಿತು, ಕರೆಂಟು ಹೋಗಿ ಬಂದಾಗಲೆಲ್ಲ ರೆಕಾರ್ಡರ್ ಕೋಣೆ ಬದಲಿಸುತ್ತಿತ್ತು. ಹರಿಹರದಲ್ಲಿ ಕರೆಂಟು ಹೋಗುವುದನ್ನು ಲೆಕ್ಕ ಹಾಕಿದರೆ ಆ ಬಾಡಿಗೆದಾರ ಒಂದು ಮನೆಯಲ್ಲೂ ಹಾಲುಕ್ಕಿಸುವಷ್ಟು ಹೊತ್ತು ಇರುತ್ತಿರಲಿಲ್ಲ. ಅವನಿಗೆ ಒಂದೇ ಕೋಣೆಯನ್ನು ಖಾಯಂ ಮಾಡಿದೆ. ಆದರೂ ಹೊರಗಿನಿಂದ ಚಿತ್ರ ಬರಲಿಲ್ಲ.

ಇನ್ನು ವಿಪಿಎನ್ನಿನ ವಿಷಯ ಮುಚ್ಚಿಡಲಾಗದು. ಅದನ್ನು ಆ ಮನೆಗೆ ಹೊಗಿಸಿದವನೂ ನಾನೇ. ಹಿಂದಿನ ವರ್ಷ ಯಾರೋ ಮಂಜುನಾಥನಿಗೆ ಫೋನ್ ಮಾಡಿ, ತಾನು ಬ್ಯಾಂಕಿನವನೆಂದು ನಂಬಿಸಿ ಒಟಿಪಿ ಕೇಳಿದ್ದ. ಇವನು ಹೇಳಲು ಬಾಯಿ ತೆರೆಯುವ ಹೊತ್ತಿಗೆ ಫೋನಿನ ಬ್ಯಾಟರಿ ಸತ್ತು ಇವನನ್ನು ಉಳಿಸಿತು. ನಾನು ತಕ್ಷಣ ಹೋಗಿ ರೂಟರಿಗೇ ವಿಪಿಎನ್ ಕೂರಿಸಿದೆ. ಮನೆಯಿಂದ ಹೊರಡುವ ಎಲ್ಲವನ್ನೂ ಒಂದು ಗುಪ್ತ ಸುರಂಗದಲ್ಲಿ ಹಾಯಿಸಿ ದೂರದ ಬೇರೊಂದು ದೇಶದಲ್ಲಿ ಹೊರಗೆ ಬಿಡುವ ವ್ಯವಸ್ಥೆ ಅದು. ಅದಕ್ಕೂ ಒಟಿಪಿ ಕೇಳುವ ಕಳ್ಳನಿಗೂ ಯಾವ ಸಂಬಂಧವೂ ಇಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ದೇಶ ಆರಿಸು ಎಂದು ಕೇಳಿದಾಗ, ಅಲ್ಲಿ ಹಸುಗಳು ಚೆನ್ನಾಗಿರುತ್ತವೆ ಎಂದು ಎಲ್ಲೋ ಓದಿದ ನೆನಪಿನಿಂದ ನೆದರ್ಲೆಂಡ್ಸ್ ಒತ್ತಿದೆ. ಅಂದಿನಿಂದ ಆ ಮನೆ ಇಂಟರ್‌ನೆಟ್ಟಿನ ಲೆಕ್ಕದಲ್ಲಿ ನೆದರ್ಲೆಂಡ್ಸಿನಲ್ಲಿತ್ತು. ಏಪ್ರಿಲ್ ಬಿಸಿಲಿಗೆ ಹರಿಹರದ ಜನ ತಲೆಗೆ ಒದ್ದೆ ಟವೆಲ್ ಹಾಕಿಕೊಂಡು ತಿರುಗುವಾಗ ಕವಿತಾಳ ಲ್ಯಾಪ್‌ಟಾಪು ಚಳಿ ಇದೆ, ಸೋನೆ ಇದೆ ಎನ್ನುತ್ತಿತ್ತು. ಅವಳು ಪಾಠದ ವಿಡಿಯೋ ಹಾಕಿದರೆ ಮೊದಲು ಅರ್ಥವಾಗದ ಭಾಷೆಯಲ್ಲಿ ಯಾರೋ ಬಂದು ಚೀಸ್ ತಿನ್ನಿರೆಂದು ಒತ್ತಾಯಿಸುತ್ತಿದ್ದರು. ಅದನ್ನೆಲ್ಲ ಅವಳು ನನ್ನ ಮೇಲಿನ ಗೌರವದಿಂದ ಸಹಿಸಿಕೊಂಡಿದ್ದಳು.

ಪೋರ್ಟಿನ ಕಾಯಿಲೆಗೆ ಮೂಲ ಇದೇ ಎಂದು ಕಂಡುಹಿಡಿಯಲು ನನಗೆ ಇನ್ನೂ ಕೆಲವು ಭಾನುವಾರ ಹಿಡಿಯಿತು. ಹೊರಗಿನವನು ಬಂದು ಹರಿಹರದ ತಲಬಾಗಿಲಲ್ಲಿ ನಿಂತು ಕೂಗುತ್ತಾನೆ. ಒಳಗಿನ ರೆಕಾರ್ಡರಿಗೆ ಕೇಳಿಸುತ್ತದೆ, ಪಾಪ ಅದು 'ಓ' ಅನ್ನುತ್ತದೆ. ಆದರೆ ಆ 'ಓ' ಸುರಂಗ ಹೊಕ್ಕು ನೆದರ್ಲೆಂಡ್ಸಿನಲ್ಲಿ ಹೊರಬೀಳುತ್ತದೆ. ಬಾಗಿಲಲ್ಲಿ ನಿಂತವನು ಕಾದು ಕಾದು, ಮನೆಯಲ್ಲಿ ಯಾರೂ ಇಲ್ಲವೆಂದು ಹೊರಟುಹೋಗುತ್ತಾನೆ. ಇದನ್ನು ಹೇಳಿದ ಕೂಡಲೇ ಕವಿತಾ, "ಅಣ್ಣಾ, ಹಂಗಾದ್ರೆ ಆ ವಿಪಿಎನ್ ಕಿತ್ತು ಒಗೆದ್ಬಿಡ್ರಲ್ಲ" ಅಂದಳು. ಸರಿಯಾದ ಮಾತು. ಒಂದು ಗುಂಡಿ ಒತ್ತಿದ್ದರೆ ಆಗುತ್ತಿತ್ತು. ಆದರೆ ನಾನು ಹಾಕಿದ್ದನ್ನು ನಾನೇ ಕಿತ್ತು ಒಗೆದರೆ ನನ್ನ ಹುದ್ದೆಯ ಮರ್ಯಾದೆ ಏನಾಗಬೇಕು? "ಹಂಗೆಲ್ಲ ತೆಗೆಯೋಕೆ ಬರಲ್ಲಮ್ಮ, ಅದು ಸೆಕ್ಯುರಿಟಿ ವಿಷಯ" ಅಂದೆ. ವಿಪಿಎನ್ನೂ ಇರಬೇಕು, ಪೋರ್ಟೂ ತೆರೆಯಬೇಕು, ಎರಡನ್ನೂ ಬಾಳಿಸಿ ತೋರಿಸುತ್ತೇನೆಂದು ಹಟ ಹಿಡಿದು ಕೂತೆ.

ಆ ಭಾನುವಾರಗಳನ್ನು ಈಗ ನೆನೆದರೆ ನನಗೆ ನನ್ನ ಬೆನ್ನೇ ಕಾಣುತ್ತದೆ. ಮುಂಬಾಗಿಲ ಪಕ್ಕದ ಮೂಲೆಯಲ್ಲಿ ಗೋಡೆಗೆ ಹೊಡೆದ ಒಂದು ಶೆಲ್ಫು, ಅದರ ಮೇಲೆ ರೂಟರು, ರೆಕಾರ್ಡರು. ಅದರೆದುರು ಸ್ಟೂಲು ಹಾಕಿಕೊಂಡು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಕೂತರೆ ಇಡೀ ಮನೆ ನನ್ನ ಹಿಂದೆ. ಹಿಂದೆ ಅವ್ವ ಓಡಾಡುವ ಸಪ್ಪಳ. ಬಂದು ನಿಲ್ಲುವರು, ಸ್ವಲ್ಪ ಹೊತ್ತು ನೋಡುವರು. ಒಂದು ಲೋಟ ನೀರು ತಂದು ನನ್ನ ಪಕ್ಕಕ್ಕಿಟ್ಟು, "ಕುಡೀರಿ" ಎನ್ನುವರು. ನಾನು ತಿರುಗದೆ "ಇಡ್ರಿ ಅವ್ವಾ" ಎನ್ನುತ್ತಿದ್ದೆ. ಒಮ್ಮೆ ಅವರು ಕೈಚಾಚಿ ರೂಟರಿನ ಮೇಲೆ ಅಂಗೈ ಇಟ್ಟು, "ಬೆಚ್ಚಗೈತೆ" ಅಂದರು. ಅದು ಸುರಂಗದ ಭಾರಕ್ಕೆ ಸದಾ ಕಾಯ್ದಿರುತ್ತಿತ್ತು. ಯಾವುದೋ ವೈರು ಅಲುಗಿತೆಂದು ಸಿಟ್ಟು ಬಂದು, "ಮುಟ್ಟಬ್ಯಾಡ್ರಿ ಅವ್ವಾ" ಎಂದು ಗದರಿದೆ. ಅವರು ಕೈ ಸೆರಗಿಗೆ ಒರೆಸಿಕೊಂಡು ಒಳಗೆ ಹೋದರು. ಬಿಸಿ ಇಸ್ತ್ರಿ ಪೆಟ್ಟಿಗೆಯನ್ನು ಬುತ್ತಿ ಕಟ್ಟಿದವರು ಅವರು ಎಂಬುದು ನನಗೆ ಆಗ ನೆನಪಾಗಬಾರದಿತ್ತೇ?

ಕೊನೆಗೆ ಒಂದು ಭಾನುವಾರ ಸಂಜೆ, ರೆಕಾರ್ಡರ್ ಒಂದನ್ನು ಮಾತ್ರ ಸುರಂಗದಿಂದ ಹೊರಗಿಡುವ ಸೂತ್ರ ಸಿಕ್ಕಿತು. ದಾವಣಗೆರೆಗೆ ಬಂದು ಮನೆಯಲ್ಲಿ ಕೂತು ನೋಡಿದೆ. ಚಿತ್ರ ಬಂತು! ಅವ್ವ ಬಾಗಿಲ ಬಳಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಸುಜಾತಳ ಕಣ್ಣು ತುಂಬಿ ಬಂತು. "ರೀ, ನೀವು ದೊಡ್ಡ ಉಪಕಾರ ಮಾಡಿದ್ರಿ" ಅಂದಳು. ಮದುವೆಯಾದಾಗಿನಿಂದ ಅವಳ ಬಾಯಿಂದ ಅಂಥ ಮಾತು ಬಂದಿರಲಿಲ್ಲ. ಮರುದಿನ ಆಫೀಸಿಗೆ ರಜೆ ಹಾಕಿದೆ. ನನ್ನ ಸಾಧನೆಯನ್ನು ಒಂದು ದಿನವಾದರೂ ಕೂತು ನೋಡಬೇಡವೇ?

ಸೋಮವಾರ ಬೆಳಿಗ್ಗೆ ಚಿತ್ರ ಸೊಗಸಾಗಿತ್ತು. ಕವಿತಾ ಶಾಲೆಗೆ ಹೊರಟದ್ದು, ಮಂಜುನಾಥ ಕ್ಯಾಮೆರಾದ ಕಡೆ ಕೈಬೀಸಿ ಹೋದದ್ದು ಎಲ್ಲ ಕಂಡಿತು. ಸುಜಾತ ರೊಟ್ಟಿ ಬಡಿಯುತ್ತಿದ್ದಳು, ನಾನು ಚಹಾ ಕುಡಿಯುತ್ತಿದ್ದೆ. ಮಧ್ಯಾಹ್ನ ಸಮೀಪಿಸುವ ಹೊತ್ತಿಗೆ ಚಿತ್ರ ನಿಂತುಬಿಟ್ಟಿತು. ಅವ್ವ ಬಾಗಿಲ ಪಕ್ಕ ನಿಂತು, ಮೂಲೆಯ ಶೆಲ್ಫಿನ ಕಡೆ ಕೈಚಾಚಿದ್ದಾರೆ, ಅಷ್ಟಕ್ಕೇ ನಿಂತಿದೆ. ಅದರ ಮೇಲೆ ಚಕ್ರ ತಿರುಗುತ್ತಿದೆ. ಸುಜಾತ ಹಿಟ್ಟಿನ ಕೈಯಲ್ಲೇ ಬಗ್ಗಿ ನೋಡಿ, "ಅವ್ವ ಏನೋ ತಗೊಳ್ಳಾಕೆ ಹೊಂಟಾಳೆ ನೋಡ್ರಿ" ಅಂದಳು. "ಅದು ನಿಂತ ಚಿತ್ರ ಕಣೆ, ಅದ್ರಾಗೆ ಏನೂ ತಿಳಿಯಲ್ಲ. ವಿಪಿಎನ್ ಮತ್ತೆ ಎಳಕೊಂಡು ಹೋಗೈತೆ" ಅಂದೆ ನಾನು. "ರಜಿಯಾಗೆ ಒಂದು ಫೋನ್ ಹಚ್ರಿ" ಅಂದಳು. "ಆಕೆಗೇನು ಗೊತ್ತಾಗುತ್ತೆ ಪೋರ್ಟಿನ ವಿಷಯ? ಇದು ನೆಟ್‌ವರ್ಕಿನ ತೊಂದರೆ, ಅವ್ವನ ತೊಂದರೆ ಅಲ್ಲ" ಅಂದೆ. ಈ ಮಾತನ್ನು ನಾನು ಆಡಿದ್ದೇನೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಆಮೇಲೆ ನಾನು ನನ್ನ ವಿದ್ಯೆಯನ್ನೆಲ್ಲ ಹೂಡಿದೆ. ಹೊರಗಿನ ವಿಳಾಸ ಬದಲಾಗಿದೆಯೇ ನೋಡಿದೆ. ಪೋರ್ಟ್ ತೆರೆದಿದೆಯೋ ಮುಚ್ಚಿದೆಯೋ ಹೇಳುವ ವೆಬ್‌ಸೈಟಿಗೆ ಹೋಗಿ ಮತ್ತೆ ಮತ್ತೆ ಕೇಳಿದೆ, ಅದು ಮತ್ತೆ ಮತ್ತೆ ಮುಚ್ಚಿದೆ ಎಂದಿತು. ನನ್ನ ಫೋನಿನದೇ ದೋಷವಿರಬಹುದೆಂದು ಸುಜಾತಳ ಫೋನು ಕಿತ್ತುಕೊಂಡು ಅದರಲ್ಲೂ ನೋಡಿದೆ. ಒಂದರ ಇಂಟರ್‌ನೆಟ್ಟು ಇನ್ನೊಂದಕ್ಕೆ ಕೊಟ್ಟು, ಅದರದು ಇದಕ್ಕೆ ಕೊಟ್ಟು ಪರೀಕ್ಷೆ ಮಾಡಿದೆ. ಮನೆಯಲ್ಲಿದ್ದ ಎರಡು ಫೋನೂ ನನ್ನ ತೊಡೆಯ ಮೇಲಿದ್ದವು. ಸುಜಾತ ಹಿಟ್ಟಿನ ಕೈ ಒರೆಸಿಕೊಂಡು ಬಂದು, "ಕೊಡ್ರಿ ಇಲ್ಲಿ, ನಾನಾದ್ರೂ ಮಾತಾಡ್ತೀನಿ" ಎಂದಾಗ, "ತಡೀ, ಇನ್ನೇನು ಬಂತು" ಅಂದೆ. ರೊಟ್ಟಿ ಬುಟ್ಟಿ ತುಂಬಿತು. ಖಾನಾವಳಿಯವನು ಬಂದು ಒಯ್ದ. ಚಕ್ರ ತಿರುಗುತ್ತಲೇ ಇತ್ತು.

ಕೊನೆಗೆ ಮಂಜುನಾಥನ ಮೇಲೆ ಸಂಶಯ ಬಂತು. ಅಂಗಡಿಗೆ ಫೋನ್ ಮಾಡಿ, "ರೂಟರ್ ಯಾರು ಮುಟ್ಟಿದ್ರು?" ಎಂದು ಜೋರು ಮಾಡಿದೆ. "ಮನೇಲಿ ಅವ್ವ ಒಬ್ಬಾಕೇ ಇರೋದು ಮಾಮಾ, ಇನ್ಯಾರು ಮುಟ್ತಾರೆ?" ಅಂದ. ಅದನ್ನು ಅವನೂ ಯೋಚಿಸದೆ ಹೇಳಿದ, ನಾನೂ ಯೋಚಿಸದೆ ಕೇಳಿಸಿಕೊಂಡೆ. ಸರಿ, ಒಂದು ಸಲ ಆರಿಸಿ ಹಚ್ಚಿ ನೋಡೋಣವೆಂದು ನಾನೇ ರಜಿಯಾಗೆ ಫೋನ್ ಮಾಡಿದೆ. "ಒಂದು ಉಪಕಾರ ಮಾಡಮ್ಮ. ಬಾಗಿಲ ಪಕ್ಕದ ಶೆಲ್ಫಿನಾಗೆ ಲೈಟು ಮಿಣಮಿಣ ಅನ್ನೋ ಡಬ್ಬಿ ಐತಲ್ಲ, ಅದನ್ನ ಆರಿಸಿ ಹಚ್ಚು." ಮಿಷನ್ ನಿಂತ ಸದ್ದು ಕೇಳಿತು, ಚಪ್ಪಲಿ ಸದ್ದು ಕೇಳಿತು.

"ಅಣ್ಣಾರೆ, ಇಲ್ಲಿ ಆರ್ಸಾಕೆ ಆ ಡಬ್ಬೀನೇ ಇಲ್ರಿ. ದೊಡ್ಡ ಡಬ್ಬಿ ಪಕ್ಕ ಬರೇ ವೈರು ಜೋತಾಡ್ತೈತೆ."

"ಡಬ್ಬಿ ಇಲ್ಲ ಅಂದ್ರೆ? ಅವ್ವನ್ನ ಕೇಳಮ್ಮ, ಎಲ್ಲಿ ಇಟ್ಟಾರೆ ಅಂತ."

ಅವಳು "ಅವ್ವಾ" ಎಂದು ಕೂಗಿದ್ದು ಕೇಳಿಸಿತು, ಹಿತ್ತಲ ಕಡೆಯಿಂದ ಮತ್ತೊಮ್ಮೆ ಕೇಳಿಸಿತು.

"ಯಾ ಅಲ್ಲಾ! ಅಣ್ಣಾರೆ, ಅವ್ವಾನೂ ಇಲ್ರಿ."

ಸುಜಾತ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ಕೇಳಿಸಿತ್ತು. ಒಲೆ ಆರಿಸಿ, ಹಿಟ್ಟು ಮೆತ್ತಿದ ಸೀರೆಯಲ್ಲೇ ಮೆಟ್ಟಿಲಿಳಿದು ಸ್ಕೂಟರಿನ ಹತ್ತಿರ ಹೋಗಿ ನಿಂತಳು. ಹರಿಹರದ ದಾರಿಯುದ್ದಕ್ಕೂ ಅವಳ ಕೈ ನನ್ನ ಹೆಗಲ ಮೇಲಿರಲಿಲ್ಲ, ಹಿಂದಿನ ಕಂಬಿ ಹಿಡಿದುಕೊಂಡಿದ್ದಳು.

ಅರ್ಧ ದಾರಿಯಲ್ಲಿ ಮಂಜುನಾಥನ ಫೋನು ಬಂತು, ಅವ್ವ ಸಿಕ್ಕಿದ್ದಾರೆ, ಆಸ್ಪತ್ರೆಗೆ ಬನ್ನಿ ಎಂದು. ಕಾರ್ಖಾನೆಯ ಗೇಟಿನವರೆಗೂ ಅವ್ವ ಒಬ್ಬರೇ ನಡೆದು ಹೋಗಿದ್ದರು. ಬೀಗ ಹಾಕಿದ ಗೇಟಿನ ಮುಂದೆ ಗಂಟು ತೊಡೆಯ ಮೇಲಿಟ್ಟುಕೊಂಡು ಬಿಸಿಲಲ್ಲಿ ಬಹಳ ಹೊತ್ತು ಕೂತಿದ್ದರಂತೆ. ಎದುರುಗಡೆ ಪಂಕ್ಚರ್ ಅಂಗಡಿಯವರು ನೀರು ಕೊಟ್ಟು, ನೆರಳಿಗೆ ಬರ್ರಿ ಎಂದು ಕರೆದರೆ, "ಈಗ ಬಿಡ್ತಾರೆ, ಈಗ ಬಿಡ್ತಾರೆ" ಎಂದರಂತೆ. ಆಮೇಲೆ ಎದ್ದು ರಸ್ತೆ ದಾಟಲು ಹೋದಾಗ ಲಾರಿಯವನು ಹಾರ್ನು ಹೊಡೆದ. ಬೆಚ್ಚಿಬಿದ್ದು ಮುಗ್ಗರಿಸಿ ಬಿದ್ದರು. ಲಾರಿ ತಾಗಲಿಲ್ಲ, ಸೊಂಟದ ಮೂಳೆ ಮುರಿಯಿತು. ಸೈರನ್ನು ಕೂಗುವ ಹೊತ್ತಿಗೆ ನಾವು ರಜಿಯಾಗೆ ಫೋನ್ ಮಾಡಿದ್ದರೆ ಅವರು ಓಣಿಯ ತಿರುವು ಕೂಡ ದಾಟಿರುತ್ತಿರಲಿಲ್ಲ. ಇದನ್ನು ಯಾರೂ ನನಗೆ ಹೇಳಲಿಲ್ಲ. ನಾನೇ ಲೆಕ್ಕ ಹಾಕಿಕೊಂಡೆ.

ಆಸ್ಪತ್ರೆಯ ಹಾಸಿಗೆಯ ಮೇಲೂ ಅವ್ವ ಗಂಟು ಬಿಟ್ಟಿರಲಿಲ್ಲ. ನರ್ಸಮ್ಮ ಬಿಡಿಸಿ ನೋಡಿದಳು. ಎರಡು ರೊಟ್ಟಿ, ಒಂದು ಈರುಳ್ಳಿ, ರೊಟ್ಟಿಯ ಕೆಳಗೆ ರೊಟ್ಟಿ ಬಿಸಿಯಾಗಿರಲೆಂದು ನನ್ನ ರೂಟರು. "ಇದೇನ್ರಿ ಇದು?" ಎಂದು ಅವಳು ನಮ್ಮೆಲ್ಲರ ಮುಖ ನೋಡಿದಳು. ನಾನು ತಾಂತ್ರಿಕ ವಿವರ ಕೊಡಲು ಹೋಗಲಿಲ್ಲ. ಅವ್ವ ನೋವಿನಲ್ಲಿ ಮುಲುಗುತ್ತಲೇ ಸುಜಾತಳ ಕೈಹಿಡಿದು, "ಅವರಿಗೆ ಊಟ ಮುಟ್ಟಿಸಿದ್ರೇನವ್ವ? ಆರಿ ಹೋಗಿರ್ತೈತೆ" ಅಂದರು. "ಮುಟ್ಟಿಸ್ದೆ ಅವ್ವಾ, ಉಂಡ್ರು" ಅಂದಳು ಸುಜಾತ. ನಾನು ಹೊರಗೆ ಬಂದು ಕಾರಿಡಾರಿನಲ್ಲಿ ನಿಂತು ಅತ್ತುಬಿಟ್ಟೆ. ಅಲ್ಲಿ ಅಳುವವರು ಇನ್ನೂ ಇಬ್ಬರು ಮೂವರು ಇದ್ದದ್ದರಿಂದ ಯಾರೂ ನನ್ನನ್ನು ಗಮನಿಸಲಿಲ್ಲ.

ಸೊಂಟಕ್ಕೆ ರಾಡು ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರು ಮಂಜುನಾಥನನ್ನು ಪಕ್ಕಕ್ಕೆ ಕರೆದು, ಇನ್ನು ನಡೆಸುವ ಆಸೆ ಇಟ್ಟುಕೊಳ್ಳಬೇಡಿ ಎಂದರು. ಈಗ ಅವ್ವನ ಮಂಚ ಆ ಮುಂದಿನ ಕೋಣೆಯಲ್ಲೇ ಇದೆ. ಕ್ಯಾಮೆರಾವನ್ನು ಬಾಗಿಲಿಂದ ಮಂಚದ ಕಡೆಗೆ ತಿರುಗಿಸಿದ್ದಾರೆ. ಬಿದ್ದು ಕೆಟ್ಟಿದ್ದ ರೂಟರನ್ನು ಬದಲಿಸಿ ಹೊಸದನ್ನು ಮಂಜುನಾಥ ತಾನೇ ಕೂರಿಸಿದ, ನನ್ನನ್ನು ಕೇಳಲಿಲ್ಲ. ಅದರಲ್ಲಿ ವಿಪಿಎನ್ ಇಲ್ಲ. ಪೋರ್ಟಿನ ಬಗ್ಗೆ ಅದಕ್ಕೆ ಏನು ಹೇಳಬೇಕೋ ಅದನ್ನು ಅಂಗಡಿಯ ಗೆಳೆಯನೊಬ್ಬನಿಂದ ಹೇಳಿಸಿದ. ಅಂದಿನಿಂದ ಕರೆಂಟು ಇರುವಷ್ಟು ಹೊತ್ತು ಚಿತ್ರ ಒಂದು ಕ್ಷಣವೂ ನಿಂತಿಲ್ಲ. ಸುಜಾತ ಮೊದಲಿನ ಹಾಗೆಯೇ ಹಿಟ್ಟಿನ ಡಬ್ಬಿಗೆ ಫೋನು ಒರಗಿಸಿಕೊಂಡು ರೊಟ್ಟಿ ಬಡಿಯುತ್ತಾಳೆ. ನೋಡುವುದಕ್ಕೆ ಏನೂ ಇಲ್ಲ. ಒಂದು ಮಂಚ, ಒಂದು ಹೊದಿಕೆ, ಒಮ್ಮೊಮ್ಮೆ ಒಂದು ಕೈ ಮೇಲಕ್ಕೆದ್ದು ಇಳಿಯುತ್ತದೆ. ವಿಪಿಎನ್ ಇಲ್ಲದ ಮೇಲೆ ಯಾವ ದೇಶದ ಕಳ್ಳನಾದರೂ ಇಣುಕಬಹುದು ಎಂದು ನನ್ನ ಬಾಯಿಗೆ ಬಂದಿತ್ತು. ಇಣುಕಿದರೆ ಇಣುಕಲಿ, ಅವನಾದರೂ ಸ್ವಲ್ಪ ಹೊತ್ತು ಕಾಯಲಿ ಎಂದು ಸುಮ್ಮನಾದೆ. ಬಳಗದವರು ಫೋನು ಬಿಸಿಯಾದರೆ ಈಗ ನನಗೆ ಕರೆ ಮಾಡುವುದಿಲ್ಲ. ಬಯ್ಯುವುದೂ ಇಲ್ಲ. ಮೊದಲಿಗಿಂತ ಹೆಚ್ಚು ಮರ್ಯಾದೆಯಿಂದ ಚಹಾ ಕೊಡುತ್ತಾರೆ, ಅದನ್ನು ಕುಡಿಯುವುದು ಕಷ್ಟ.

ಹೋದ ಭಾನುವಾರ ಹರಿಹರಕ್ಕೆ ಹೋಗಿದ್ದೆ. ಮಾಡಲು ಏನೂ ಕೆಲಸವಿರಲಿಲ್ಲ. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಅಷ್ಟು ಹೊತ್ತು ಅವರ ಮುಖ ನೋಡುತ್ತ ಕೂತದ್ದು ಅದೇ ಮೊದಲು. ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತಿದೆ, ಇಷ್ಟು ವರ್ಷದಲ್ಲಿ ನಾನು ನೋಡಿರಲಿಲ್ಲ. ಅವ್ವ ಈಗ ಮಗನನ್ನು ಗುರುತಿಸುವುದಿಲ್ಲ, ಸುಜಾತಳನ್ನು ತಂಗಿ ಎಂದುಕೊಳ್ಳುತ್ತಾರೆ. ನನ್ನನ್ನು ಮಾತ್ರ ಬಿಡದೆ ನೋಡುತ್ತಿದ್ದರು. ನಾನು ಮೆಲ್ಲಗೆ, "ಅವ್ವಾ, ನಾನು ಯಾರು ಗೊತ್ತಾತೇನ್ರಿ?" ಎಂದು ಕೇಳಿದೆ.

"ಗೊತ್ತಾಗ್ದೆ ಏನಪ್ಪಾ!" ಅಂದರು. ಮುಖ ಅರಳಿತ್ತು. "ವಾರ ವಾರ ಬಂದು ಆ ಮೂಲ್ಯಾಗೆ ಕುಂದರ್ತಿದ್ದೆಲ್ಲ, ರಿಪೇರಿಯವನು."

ಮಂಜುನಾಥ ನಕ್ಕುಬಿಟ್ಟ. ಸುಜಾತ ನಗಲಿಲ್ಲ.

"ಮುಗೀತೇನು ನಿನ್ನ ಕೆಲ್ಸ?" ಅವ್ವ ಕೇಳಿದರು.

"ಮುಗೀತ್ರಿ ಅವ್ವಾ."

"ಹಂಗಾದ್ರೆ ಇನ್ನ ಯಾಕ ಕುಂತೀ? ಮನೆಗೆ ಹೋಗು. ಪಾಪ, ಬಾಳ ಶಾಣ್ಯಾ ಅದಿ."

ನಾನು ಎದ್ದು ಕುರ್ಚಿಯನ್ನು ಗೋಡೆಗೆ ಸರಿಸಿ ಇಟ್ಟೆ. ನನ್ನ ಕೆಲಸದ ಮೇಲೆ ನಂಬಿಕೆ ಇಟ್ಟುಕೊಂಡಿರುವವರು ನಮ್ಮ ಬಳಗದಲ್ಲಿ ಈಗ ಅವರೊಬ್ಬರೇ.